ಹುಗಿದ ಗಾಡಿ ಹೊರಗೆ ತೆಗೆಯುವ ಬಗೆ: ಎರಿ, ಉಸುಕು, ತಗ್ಗು, ಹೊಳಿ ನೀರು

ಬಾದಾಮಿ ಬಿಟ್ಟು ಬನಶಂಕರಿ ಗುಡಿ ದಾಟಿ ಚೊಳಚಗುಡ್ಡಕ್ಕೆ ಬರುವಷ್ಟರಲ್ಲಿ ಕಾಲ ಕೆಳಗಿನ ನೆಲ ಬದಲಾಗುತ್ತದೆ. ಗುಡ್ಡದ ಬುಡಕ್ಕೆ ಮರಳುಗಲ್ಲು ಸವೆದು ಆದ ಕೆಂಪು ಮಸಾರಿ, ಮಲಪ್ರಭೆಯ ಪಾತ್ರದಲ್ಲಿ ಉಸುಕು, ಹೊಳೆ ದಾಟಿ ರೋಣದ ಕಡೆ ಹೊರಟರೆ ಕಪ್ಪು ಎರಿ ಹೊಲ. ಮೂರರಲ್ಲೂ ಗಾಡಿ ಹುಗಿಯುತ್ತದೆ, ಆದರೆ ಮೂರರಲ್ಲೂ ಒಂದೇ ಥರ ಹುಗಿಯುವುದಿಲ್ಲ. ಮಸಾರಿಯಲ್ಲಿ ಹತ್ತು ನಿಮಿಷಕ್ಕೆ ಕೆಲಸ ಕೊಟ್ಟ ಉಪಾಯವನ್ನೇ ಎರಿಯಲ್ಲಿ ಮಾಡಹೋದವರು ಸಂಜೆತನಕ ಅಲ್ಲೇ ಕೂತಿರುತ್ತಾರೆ.

ಗಾಡಿ ಹುಗಿದ ಕೂಡಲೇ ನಮ್ಮ ಕಡೆ ಹೊರಡುವ ಮೊದಲ ಮಾತು "ಟ್ರ್ಯಾಕ್ಟರ್ ಕರೀರಿ" ಅಂತ. ನನ್ನ ಪ್ರಕಾರ ಅದು ಕೊನೆಯ ಮಾತು. ಕಾರು, ಬೊಲೆರೊ, ಟಾಟಾ ಏಸ್‌ನಂಥ ಗಾಡಿಗಳು ಬಹುಪಾಲು ಸಲಕಿಯಿಂದಲೇ ಹೊರಬರುತ್ತವೆ. ಹಗ್ಗ ಕಟ್ಟಿ ಎಳೆಯುವುದೇ ಅನಿವಾರ್ಯವಾದರೂ ಮೊದಲು ಸಲಕಿ ಆಡಿಸಿದ್ದರೆ ಎಳೆಯುವ ಭಾರ ಅರ್ಧಕ್ಕೆ ಇಳಿಯುತ್ತದೆ. ಇಲ್ಲಿ ಹೇಳುವ ಹಂತಗಳ ಸಾಲೂ ಅದೇ: ಕೈಕೆಲಸ ಮೊದಲು, ಎಂಜಿನ್ ಆಮೇಲೆ, ಹಗ್ಗ ಕಟ್ಟಕಡೆಗೆ. ಹರಿಯುವ ನೀರಿಗೆ ಮಾತ್ರ ಈ ಸಾಲು ಹೊಂದುವುದಿಲ್ಲ. ಓದುವ ಹೊತ್ತಿಗೆ ನೀವು ಸೇತುವೆಯ ಬಾಯಲ್ಲಿ ನಿಂತಿದ್ದರೆ ನೇರ "ಹೊಳಿ ನೀರು" ಭಾಗಕ್ಕೆ ಹೋಗಿ.

ಗಾಡಿಯಲ್ಲಿ ಇರಬೇಕಾದ ಸಾಮಾನು

ಉದ್ದ ಹಿಡಿಕೆಯ ಸಲಕಿ ಒಂದು. ಎರಡು ತುಂಡು ಹಲಗೆ, ಮೊಳದುದ್ದ, ಎರಡು ಬೆರಳು ದಪ್ಪ. ಇದಕ್ಕೆ ಅಂಗಡಿ ಹುಡುಕಬೇಕಾಗಿಲ್ಲ. ಬನಶಂಕರಿಯ ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಬಾಗಿಲು, ಚೌಕಟ್ಟು ಮಾರುವವರ ಸಾಲಿನಲ್ಲಿ ಕೊಯ್ದುಳಿದ ಗಟ್ಟಿ ತುಂಡು ಕೇಳಿದರೆ ಸಿಗುತ್ತವೆ. ನಾಲ್ಕು ಗೋಣಿಚೀಲ, ಕೈ ಬ್ಯಾಟರಿ (ಟಾರ್ಚ್), ಗಾಳಿಯ ಒತ್ತಡ ನೋಡುವ ಗೇಜ್, 12 ವೋಲ್ಟಿನ ಸಣ್ಣ ಗಾಳಿಪಂಪು. ಗಾಡಿಯ ತೂಕಕ್ಕೆ ತಕ್ಕ ಟೋಯಿಂಗ್ ಪಟ್ಟಿ, ಎರಡು ಡಿ-ಶಾಕಲ್.

ಇದಿಷ್ಟರ ಜೊತೆಗೆ ಈಗಲೇ, ಮನೆ ಮುಂದೆ ನಿಂತಿರುವಾಗಲೇ, ಡಿಕ್ಕಿ ತೆಗೆದು ಟೋಯಿಂಗ್ ಹುಕ್ ಎಲ್ಲಿದೆ ನೋಡಿ. ಈಚಿನ ಕಾರುಗಳಲ್ಲಿ ಅದು ಜಾಕ್, ಪಾನಾಗಳ ಜೊತೆ ಬಿಚ್ಚಿಟ್ಟ ಸ್ಥಿತಿಯಲ್ಲಿ ಇರುತ್ತದೆ. ಬಂಪರಿನಲ್ಲಿರುವ ಸಣ್ಣ ಮುಚ್ಚಳ ತೆಗೆದು ಒಳಗೆ ತಿರುವಬೇಕು. ಎಷ್ಟೋ ಗಾಡಿಗಳಲ್ಲಿ ಅದರ ಥ್ರೆಡ್ ಉಲ್ಟಾ ಇರುತ್ತದೆ, ಎಡಕ್ಕೆ ತಿರುವಿದರೆ ಬಿಗಿಯುತ್ತದೆ. ಕತ್ತಲಲ್ಲಿ, ಮಳೆಯಲ್ಲಿ ಇದನ್ನು ಕಂಡುಹಿಡಿಯುವ ಹೊತ್ತಿಗೆ ಸಿಟ್ಟು ನೆತ್ತಿಗೇರಿರುತ್ತದೆ.

ಹಂತ 1: ಎಕ್ಸಲೇಟರ್ ಮೇಲಿನ ಕಾಲು ತೆಗೆಯಿರಿ

ಗಾಡಿ ಮುಂದೆ ಹೋಗುವುದು ನಿಂತು ಗಾಲಿ ಮಾತ್ರ ತಿರುಗಿದ ಸದ್ದು ಕೇಳಿದ ಕ್ಷಣವೇ ಕಾಲು ಎತ್ತಿ. ತಿರುಗುವ ಗಾಲಿ ಮಣ್ಣು ತೋಡುವ ಯಂತ್ರ. ಇನ್ನೊಂದು ಸಲ ರೇಸ್ ಮಾಡಿದರೆ ನಾಲ್ಕು ಬೆರಳು ಕೆಳಗೆ, ಮತ್ತೊಂದು ಸಲಕ್ಕೆ ಆ್ಯಕ್ಸಲ್ ಮಟ್ಟಕ್ಕೆ. ದಾರಿಗೆ ಹೋಗುವವರು ನಿಂತು "ಕೊಡು, ಇನ್ನೂ ಕೊಡು" ಎನ್ನುತ್ತಾರೆ. ಅವರ ಮಾತಿಗೆ ತಲೆದೂಗಿ, ಕಾಲು ಮಾತ್ರ ಆಡಿಸಬೇಡಿ.

ಒಂದೇ ಒಂದು ಪ್ರಯತ್ನಕ್ಕೆ ಅವಕಾಶವಿದೆ. ಸ್ಟೇರಿಂಗ್ ನೇರ ಮಾಡಿ, ರಿವರ್ಸ್ ಹಾಕಿ, ಬಂದ ಜಾಡಿನಲ್ಲೇ ಮೆಲ್ಲಗೆ ಹಿಂದೆ ಬನ್ನಿ. ಬರುವಾಗ ನಿಮ್ಮದೇ ಗಾಲಿ ಆ ಜಾಡನ್ನು ಒತ್ತಿ ಗಟ್ಟಿ ಮಾಡಿರುತ್ತದೆ, ಮುಂದಿನ ನೆಲ ಹೇಗಿದೆಯೋ ಗೊತ್ತಿಲ್ಲ. ಬರಲಿಲ್ಲವೋ, ಎಂಜಿನ್ ಬಂದ್ ಮಾಡಿ ಇಳಿಯಿರಿ.

ಎಂಜಿನ್ ಬಂದ್ ಮಾಡಿ ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಹಿಂಭಾಗ ಹುಗಿದು ಸೈಲೆನ್ಸರ್ ಬಾಯಿಗೆ ರಾಡಿ ಮೆತ್ತಿಕೊಂಡರೆ ಹೊಗೆ ಗಾಡಿಯ ತಳದಲ್ಲೇ ಸುತ್ತಿ ಒಳಗೆ ಸೇರುತ್ತದೆ. ಮಳೆ ಬರುತ್ತಿದೆಯೆಂದು ಗಾಜು ಏರಿಸಿ, ಏಸಿ ಹಾಕಿ ಮಕ್ಕಳನ್ನು ಒಳಗೆ ಕೂರಿಸುವುದು ಇಂಥ ಹೊತ್ತಿನಲ್ಲಿ ಜೀವಕ್ಕೇ ಅಪಾಯ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ.

ಹಂತ 2: ಸುತ್ತು ಬಂದು ನೋಡಿ

ಯಾವ ಗಾಲಿ ಹುಗಿದಿದೆ? ಎಂಜಿನ್ನಿನ ಬಲ ಹೋಗುವುದು ಯಾವ ಗಾಲಿಗೆ? ಮಾರುತಿ, ಹ್ಯುಂಡೈನ ಸಣ್ಣ ಕಾರುಗಳು ಬಹುತೇಕ ಮುಂದಿನ ಗಾಲಿಯಿಂದ ಓಡುವಂಥವು, ಬೊಲೆರೊ ಮತ್ತು ಏಸ್ ಹಿಂದಿನ ಗಾಲಿಯಿಂದ. ಬಲ ಹೋಗದ ಗಾಲಿಗೆ ಕಲ್ಲು, ಕಟ್ಟಿಗೆ ಕೊಟ್ಟು ಹೈರಾಣಾಗುವವರು ಬೇಕಾದಷ್ಟು ಜನ.

ಆಮೇಲೆ ಮೊಣಕಾಲೂರಿ ತಳ ನೋಡಿ. ಗಾಡಿಯ ಹೊಟ್ಟೆ ನೆಲಕ್ಕೆ ತಾಗಿದೆಯೇ ಎಂಬುದೇ ಮುಖ್ಯ ಪ್ರಶ್ನೆ. ಹೊಟ್ಟೆ ಊರಿದ್ದರೆ ಗಾಲಿಯ ಮೇಲೆ ಭಾರವೇ ಇಲ್ಲ, ಭಾರವಿಲ್ಲದ ಗಾಲಿಗೆ ಹಿಡಿತ ಎಲ್ಲಿಂದ ಬರಬೇಕು? ಆಗ ಗಾಲಿಗೆ ಏನು ಕೊಟ್ಟರೂ ವ್ಯರ್ಥ, ಮೊದಲು ಹೊಟ್ಟೆ ಬಿಡಿಸಬೇಕು.

ಹಂತ 3: ಮಣ್ಣು ಯಾವುದೆಂದು ತಿಳಿಯಿರಿ

ಒಂದು ಹಿಡಿ ಎತ್ತಿ ಅಂಗೈಯಲ್ಲಿ ಹಿಸುಕಿ. ಉದುರಿದರೆ ಉಸುಕು. ಮುದ್ದೆಯಾಗಿ, ಬೆರಳಿನಿಂದ ಒತ್ತಿದಾಗ ಒಡೆದರೆ ಮಸಾರಿ. ಬೆರಳಿಗೇ ಮೆತ್ತಿಕೊಂಡು, ತೊಳೆದರೂ ಹೋಗದಿದ್ದರೆ ಎರಿ.

ಮಸಾರಿಯಲ್ಲಿ ಉಸುಕಿನ ಪಾಲು ಹೆಚ್ಚು, ನೀರು ಬೇಗ ಇಂಗುತ್ತದೆ. ಮಳೆ ನಿಂತಿದ್ದು ಅವಸರ ಇಲ್ಲದಿದ್ದರೆ ಚಹಾ ಕುಡಿದು ಬನ್ನಿ, ಅಷ್ಟರಲ್ಲಿ ನೆಲವೇ ಅರ್ಧ ಕೆಲಸ ಮಾಡಿರುತ್ತದೆ. ಎರಿಯ ಸ್ವಭಾವ ಬೇರೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಟ್ಟ ಹೊಲವೇ ಮಳೆಗಾಲದಲ್ಲಿ ಗಾಡಿ ನುಂಗುವುದು. ಮೊದಲ ಹನಿಗಳಿಗೆ ಮೇಲ್ಪದರ ಮಾತ್ರ ಜಾರುತ್ತದೆ, ಒಳಗೆ ಗಟ್ಟಿ ಇರುತ್ತದೆ. ಆ ಹೊತ್ತಿನಲ್ಲಿ ಹೊರಬಿದ್ದರೆ ಬಚಾವ್. ರಾತ್ರಿಯೆಲ್ಲ ಸುರಿದ ಮೇಲೆ ಒಂದು ತಾಸು ಕಾದರೆ ಏನೂ ಆಗದು, ಒಳ್ಳೆ ಬಿಸಿಲು ಬಿದ್ದು ದಿನ ಹೋಗಬೇಕು. ಎರಿಯ ಇನ್ನೊಂದು ಕಾಟವೆಂದರೆ ಟೈರಿನ ಗೀರುಗಳಲ್ಲಿ ತುಂಬಿಕೊಂಡು ಟೈರನ್ನೇ ನುಣ್ಣಗೆ ಮಾಡಿಬಿಡುತ್ತದೆ. ಹೊಸ ಟೈರಾದರೂ ಬೋಳು ಟೈರಾದರೂ ಆಗ ಒಂದೇ. ಪ್ರತಿ ಪ್ರಯತ್ನಕ್ಕೂ ಮುಂಚೆ ಕಟ್ಟಿಗೆಯಿಂದ ಆ ಗೀರುಗಳನ್ನು ಕೆದರಿ ತೆಗೆಯಬೇಕು.

ಹಂತ 4: ಇಳಿಸಿ, ತೋಡಿ

ಜನ ಇಳಿಯಲಿ, ಚೀಲ, ಸಿಲಿಂಡರ್, ಜಾತ್ರೆಯಲ್ಲಿ ಕೊಂಡ ಸಾಮಾನು ಎಲ್ಲ ಇಳಿಯಲಿ. ಅರ್ಧ ತಾಸು ಹಿಡಿಯುವ ಈ ಕೆಲಸಕ್ಕೆ ಯಾರಿಗೂ ಮನಸ್ಸು ಇರುವುದಿಲ್ಲ.

ತೋಡುವಾಗ ಗಾಲಿಯ ಮುಂದೆ ನಿಂತ ಗೋಡೆಯಂಥ ಮಣ್ಣನ್ನು ಇಳಿಜಾರಾಗಿ ಕೊರೆಯಿರಿ. ನೀವು ಹೊರಡುವುದು ಹಿಂದಕ್ಕಾದರೆ ಗಾಲಿಯ ಹಿಂದೆ. ಇಳಿಜಾರು ಉದ್ದವಾದಷ್ಟೂ ಒಳ್ಳೆಯದು, ಒಂದು ಮಾರು ಇರಲಿ. ಹೊಟ್ಟೆ ಊರಿದ್ದರೆ ಪಕ್ಕದಿಂದ ಉದ್ದ ಹಿಡಿಕೆಯ ಸಲಕಿಯಿಂದ ಎಳೆದು ತೆಗೆಯಬೇಕು, ಕೆಳಗೆ ತೂರಬಾರದು. ಗುಂಡಿಯಲ್ಲಿ ನೀರು ನಿಂತಿದ್ದರೆ ಸಣ್ಣ ಕಾಲುವೆ ಮಾಡಿ ತಗ್ಗಿನ ಕಡೆಗೆ ಬಿಡಿ; ನೀರಿದ್ದಾಗ ಎಷ್ಟು ತೋಡಿದರೂ ಅದು ಮತ್ತೆ ರಾಡಿಯಾಗುತ್ತದೆ.

ಜಾಕ್ ಹಾಕಿ ಗಾಲಿ ಎತ್ತಿ ಕೆಳಗೆ ತುಂಬುವುದು ಎರಿಯಲ್ಲಿ ಬಹಳ ಒಳ್ಳೆಯ ಉಪಾಯ. ಜಾಕಿನ ಕೆಳಗೆ ಹಲಗೆ ಬೇಕೇ ಬೇಕು, ಇಲ್ಲವಾದರೆ ಗಾಡಿ ಏರುವ ಬದಲು ಜಾಕ್ ಇಳಿಯುತ್ತದೆ. ಉಳಿದ ಗಾಲಿಗಳಿಗೆ ಕಲ್ಲು ಹಚ್ಚಿ. ಜಾಕಿನ ಮೇಲಿರುವ ಗಾಡಿಯ ಕೆಳಗೆ ತಲೆ, ಕೈ ಹಾಕಬೇಡಿ. ತುಂಬುವುದನ್ನು ಕಟ್ಟಿಗೆಯಿಂದ ತಳ್ಳಿ.

ಹಂತ 5: ಗಾಲಿಗೆ ಹಿಡಿತ ಕೊಡಿ

ಸುತ್ತ ಏನು ಸಿಗುತ್ತದೋ ಅದೇ ಸಾಮಗ್ರಿ. ಬನಶಂಕರಿ, ಚೊಳಚಗುಡ್ಡದ ಸುತ್ತ ತೆಂಗು, ಬಾಳೆ, ಎಲೆತೋಟ ಇವೆ. ಒಣ ತೆಂಗಿನ ಗರಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಗರಿಯನ್ನು ಗಾಲಿಗೆ ಅಡ್ಡಲಾಗಿ ಹಾಸಿ. ಕಬ್ಬಿನ ರವದಿ, ಜೋಳದ ಕಣಿಕೆ, ತೊಗರಿ ಕಟ್ಟಿಗೆ ನಡೆಯುತ್ತವೆ, ಆದರೆ ಎರಿಯಲ್ಲಿ ತೆಳ್ಳಗೆ ಹಾಸಿದರೆ ಮಣ್ಣೊಳಗೆ ಕಾಣೆಯಾಗುತ್ತವೆ, ಗೇಣೆತ್ತರ ಬೇಕು. ಬಾಳೆದಿಂಡು ಮಾತ್ರ ಬೇಡ, ಸಾಬೂನಿಗಿಂತ ಹೆಚ್ಚು ಜಾರುತ್ತದೆ. ಬೇಲಿಯ ಜಾಲಿ ಕಂಟಿ ಕಡಿದು ಹಾಕಿದರೆ ಗಾಡಿ ಹೊರಗೆ ಬರಬಹುದು, ನಾಲ್ಕು ಪಂಕ್ಚರ್ ಜೊತೆಗೆ. ಗೋಣಿಚೀಲಕ್ಕೆ ಗರಸು ತುಂಬಿ ಹಾಕುವುದು ಬರಿಯ ಚೀಲಕ್ಕಿಂತ ಮೇಲು. ಕಾರಿನ ರಬ್ಬರ್ ಮ್ಯಾಟ್ ಕೊಟ್ಟರೆ ಅದು ಹಿಂದೆ ಹಾರಿ ಯಾರದಾದರೂ ಮುಖಕ್ಕೆ ಬಡಿಯುತ್ತದೆ, ಉಪಯೋಗವೂ ಕಡಿಮೆ.

ಜಾತ್ರೆಗೆ ಬಂದವರಿಗೆ ಒಂದು ಮಾತು. ಆಗ ನೆಲ ಒಣಗಿರುತ್ತದೆ, ಹುಗಿಯುವ ಭಯ ಕಡಿಮೆ. ಆದರೆ ತೊಗರಿ ಕೊಯ್ದ ಹೊಲದಲ್ಲಿ ಕೂಳೆ ಈಟಿಯ ಹಾಗೆ ನಿಂತಿರುತ್ತವೆ. ಗಾಡಿ ಒಳಗೆ ಬಿಡುವ ಮುಂಚೆ ಒಬ್ಬರು ಇಳಿದು ಮುಂದೆ ನಡೆಯಿರಿ.

ಹಂತ 6: ಉಸುಕಾದರೆ ಗಾಳಿ ಇಳಿಸಿ

ಕಾರಿನ ಟೈರಿನಲ್ಲಿ ಸಾಮಾನ್ಯವಾಗಿ 30ರಿಂದ 35 ಪಿಎಸ್‌ಐ ಗಾಳಿ ಇರುತ್ತದೆ. ಉಸುಕಿನಲ್ಲಿ ಅದನ್ನು 20ರ ಸುತ್ತ ಇಳಿಸಿದರೆ ಟೈರಿನ ಹೆಜ್ಜೆ ಅಗಲವಾಗುತ್ತದೆ, ಉದ್ದವೂ ಆಗುತ್ತದೆ, ಗಾಡಿ ಉಸುಕಿನ ಮೇಲೆ ನಿಲ್ಲುತ್ತದೆ. ನಾಲ್ಕೂ ಗಾಲಿಗೆ ಇಳಿಸಬೇಕು. ತೀರ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಬಹುದು, ಹಾಗಾಗಿ 18ಕ್ಕಿಂತ ಕೆಳಗೆ ಹೋಗದಿರುವುದು ಹೊಸಬರಿಗೆ ಕ್ಷೇಮ. ಒಣ ಉಸುಕಿಗೆ ಕೊಡದಿಂದ ನೀರು ಚಿಮುಕಿಸಿ ತುಳಿದರೆ ಸ್ವಲ್ಪ ಗಟ್ಟಿಯಾಗುತ್ತದೆ. ಎರಿಯಲ್ಲಿ ಗಾಳಿ ಇಳಿಸುವುದರಿಂದ ಅಂಥ ಲಾಭವಿಲ್ಲ.

ಹೊಳೆಯ ಪಾತ್ರಕ್ಕೆ ಗಾಡಿ ಇಳಿಸುವುದನ್ನು ನಾನಂತೂ ಬೇಡವೆನ್ನುತ್ತೇನೆ. ಉಸುಕು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ.

ಹಂತ 7: ಹೊರಡಿಸುವುದು, ತಳ್ಳುವುದು

ಸ್ಟೇರಿಂಗ್ ನೇರ. ಗೇರು ಎರಡನೆಯದು, ಮೊದಲ ಗೇರಿನಲ್ಲಿ ಗಾಲಿಗೆ ಬಲ ಒಮ್ಮೆಲೇ ಹೋಗಿ ಮತ್ತೆ ಸುತ್ತತೊಡಗುತ್ತದೆ. ಕ್ಲಚ್ ನಿಧಾನ ಬಿಡುತ್ತ, ಎಂಜಿನ್ ನಿಲ್ಲದಷ್ಟು ಮಾತ್ರ ಎಕ್ಸಲೇಟರ್. ಟ್ರ್ಯಾಕ್ಷನ್ ಕಂಟ್ರೋಲ್ ಇದ್ದ ಗಾಡಿಯಲ್ಲಿ ಅದರ ಗುಂಡಿ ಒತ್ತಿ ಆಫ್ ಮಾಡಿ, ಇಲ್ಲವಾದರೆ ಗಾಲಿ ಜಾರಿದಾಗಲೆಲ್ಲ ಅದು ಎಂಜಿನ್ನಿನ ಬಲ ಕಡಿಯುತ್ತದೆ.

ಒಂದು ಕಡೆಯ ಗಾಲಿ ಗಟ್ಟಿ ನೆಲದ ಮೇಲಿದ್ದೂ ಸುಮ್ಮನಿದ್ದು, ರಾಡಿಯಲ್ಲಿರುವ ಗಾಲಿ ಮಾತ್ರ ತಿರುಗುತ್ತದಲ್ಲ, ಅದು ಡಿಫರೆನ್ಷಿಯಲ್ಲಿನ ಸ್ವಭಾವ. ಸುಲಭವಾಗಿ ತಿರುಗುವ ಗಾಲಿಗೇ ಅದು ತಿರುಗಾಟ ಕೊಡುತ್ತದೆ. ಹಿಂದಿನ ಗಾಲಿಯಿಂದ ಓಡುವ ಗಾಡಿಯಲ್ಲಿ ಹ್ಯಾಂಡ್‌ಬ್ರೇಕನ್ನು ಒಂದೆರಡು ಹಲ್ಲು ಎಳೆದು ಹೊರಡಿಸಿದರೆ ಸುತ್ತುವ ಗಾಲಿಗೆ ತಡೆ ಬಿದ್ದು ಇನ್ನೊಂದಕ್ಕೂ ಬಲ ಹೋಗುತ್ತದೆ. ಮುಂದಿನ ಗಾಲಿಯ ಕಾರಿನಲ್ಲಿ ಎಡಗಾಲಿನಿಂದ ಬ್ರೇಕನ್ನು ಹಗುರಾಗಿ ಒತ್ತಬೇಕು. ಆದರೆ ಇದು ಸ್ವಲ್ಪ ಅಭ್ಯಾಸದ ಕೆಲಸ.

ಒಮ್ಮೆ ಮುಂದೆ, ಒಮ್ಮೆ ಹಿಂದೆ ತೂಗಾಡಿಸಿ ತೆಗೆಯುವುದನ್ನು ಮೂರ್ನಾಲ್ಕು ಸಲ ನೋಡಿ. ಕ್ಲಚ್ ಸುಟ್ಟ ವಾಸನೆ ಬಂದರೆ ನಿಲ್ಲಿಸಿ ಮತ್ತೆ ಸಲಕಿ ಹಿಡಿಯಿರಿ. ಆಟೊಮ್ಯಾಟಿಕ್ ಗೇರಿನ ಗಾಡಿಗೆ ಈ ತೂಗಾಟ ಒಳ್ಳೆಯದಲ್ಲ.

ತಳ್ಳಲು ಜನ ಬೇಕಾದರೆ ಕೇಳುವುದಕ್ಕೆ ಸಂಕೋಚ ಬೇಡ. "ಅಣ್ಣಾರ, ಗಾಡಿ ಹುಗದೈತ್ರಿ, ಒಂದೀಟ್ ಕೈ ಹಚ್ಚರಿ" ಅಂದರೆ ನಮ್ಮ ಕಡೆ ಬರದೆ ಹೋಗುವವರಿಲ್ಲ. ಬಂದವರೆಲ್ಲ ಒಂದೊಂದು ಹೇಳುತ್ತಾರೆ ಎನ್ನುವುದೇ ತೊಂದರೆ. ಹೇಳುವವರು ಒಬ್ಬರೇ ಇರಲಿ, ಅವರು ಚಾಲಕನಿಗೆ ಕಾಣುವ ಕಡೆ ನಿಲ್ಲಲಿ. ತಳ್ಳುವವರು ತಿರುಗುವ ಗಾಲಿಯ ನೇರ ಹಿಂದೆ ನಿಲ್ಲಬಾರದು: ಕಲ್ಲು, ಹಲಗೆ ಹಾರುತ್ತವೆ. ಎರಡು ಗಾಡಿಗಳ ನಡುವೆ, ಇಳಿಜಾರಿನ ಕೆಳಬದಿಗೆ ಯಾರೂ ಬೇಡ. ಧೋತರದ ಚುಂಗು, ಸೀರೆಯ ಸೆರಗು ಬಿಗಿಯಾಗಿ ಸಿಕ್ಕಿಸಿಕೊಳ್ಳಬೇಕು.

ಎತ್ತಿನ ಬಂಡಿ ಹೂಡಿದ ಹಿರಿಯರಿದ್ದರೆ ಟ್ರೇಲರ್ ತಳ್ಳುವಾಗ ಅವರ ಕೈ ಎಲ್ಲಿ ಹೋಗುತ್ತದೆ ನೋಡಿ. ಬಂಡಿಯ ಹಿಂಭಾಗಕ್ಕೆ ಹೋಗುವುದಿಲ್ಲ, ಗಾಲಿಯ ನೆತ್ತಿಗೆ ಹೋಗುತ್ತದೆ. ಗಾಲಿಯ ಮೇಲ್ತುದಿಯನ್ನು ತಳ್ಳಿದರೆ ಆ್ಯಕ್ಸಲ್ ಮಟ್ಟದಲ್ಲಿ ತಳ್ಳಿದ್ದಕ್ಕಿಂತ ಎರಡುಪಟ್ಟು ಬಲ ಸಿಗುತ್ತದೆ. ಶಾಲೆಯಲ್ಲಿ ಸನ್ನೆಗೋಲು ಎಂದು ಕಲಿಸಿದ್ದು ಇದನ್ನೇ. ಎಂಜಿನ್ನಿನಿಂದ ತಿರುಗುವ ಗಾಲಿಗೆ ಮಾತ್ರ ಕೈ ಹಚ್ಚಬೇಡಿ, ಇದು ಟ್ರೇಲರಿಗೆ, ಬಂಡಿಗೆ ಅಷ್ಟೆ.

ಹಂತ 8: ಹಗ್ಗ ಕಟ್ಟುವುದು

ಇಷ್ಟಾದರೂ ಬರಲಿಲ್ಲವೆಂದರೆ ಈಗ ಟ್ರ್ಯಾಕ್ಟರ್. ಎಳೆಯಲು ಎಷ್ಟು ಬಲ ಬೇಕೆಂಬುದಕ್ಕೆ ಅಮೆರಿಕದ ಸೇನೆಯ ಕೈಪಿಡಿಯಲ್ಲಿ ಒಂದು ಸರಳ ಲೆಕ್ಕವಿದೆ. ಗಾಲಿಯ ಮಟ್ಟಕ್ಕೆ ಹುಗಿದ ಗಾಡಿಗೆ ಅದರ ತೂಕದಷ್ಟು ಬಲ, ಮಡ್‌ಗಾರ್ಡ್ ಮಟ್ಟಕ್ಕೆ ಹುಗಿದರೆ ತೂಕದ ಎರಡುಪಟ್ಟು, ಅದಕ್ಕೂ ಮೇಲೆ ಹೋದರೆ ಮೂರುಪಟ್ಟು. ಒಂದೂವರೆ ಟನ್ನಿನ ಬೊಲೆರೊ ಮಡ್‌ಗಾರ್ಡಿನವರೆಗೆ ಹುಗಿದರೆ ಹಗ್ಗದ ಮೇಲೆ ಮೂರು ಟನ್ ಬೀಳುತ್ತದೆ. ದನ ಕಟ್ಟುವ ಹಗ್ಗಕ್ಕೆ, ಬಾವಿಯ ಹಗ್ಗಕ್ಕೆ ಅದು ತಡೆಯುವ ಮಾತಲ್ಲ. ಗಂಟು ಹಾಕಿದ ಕಡೆ ಹಗ್ಗದ ಶಕ್ತಿ ಇನ್ನೂ ಇಳಿಯುತ್ತದೆ, ಅರ್ಧದಷ್ಟಕ್ಕೂ ಇಳಿಯಬಹುದು. ಹಗ್ಗಕ್ಕೆ ಮುಂಚೆ ಸಲಕಿ ಅಂದದ್ದು ಇದಕ್ಕೇ.

ಹುಗಿದ ಗಾಡಿಗೆ ಟೋಯಿಂಗ್ ಹುಕ್ಕಿನಲ್ಲೇ ಕಟ್ಟಿ. ಬಂಪರ್ ಕಿತ್ತುಬರುತ್ತದೆ, ಸ್ಟೇರಿಂಗಿನ ರಾಡಿಗೆ ಕಟ್ಟಿದರೆ ಅದು ಬಗ್ಗುತ್ತದೆ. ಟ್ರೇಲರ್ ಸಿಕ್ಕಿಸುವ ಗುಂಡು ಚೆಂಡಿನಂಥ ಹುಕ್ಕಿಗೆ ಕಟ್ಟಲೇಬೇಡಿ: ಅದು ಮುರಿದು ಹಾರಿದರೆ ಎದುರಿಗಿದ್ದ ಗಾಜು ತೂರಿ ಒಳಗಿನವರಿಗೆ ಬಡಿಯುತ್ತದೆ.

ಟ್ರ್ಯಾಕ್ಟರಿನ ಕಡೆಗೆ ಹಗ್ಗ ಕೆಳಗಿನ ಡ್ರಾಬಾರಿಗೇ. ಎತ್ತರದಲ್ಲಿರುವ ಟಾಪ್ ಲಿಂಕಿನ ಜಾಗಕ್ಕೆ, ಸೀಟಿನ ಹಿಂದಿನ ಕಂಬಿಗೆ ಕಟ್ಟಿದರೆ ಎಳೆತ ಹಿಂದಿನ ಆ್ಯಕ್ಸಲ್‌ಗಿಂತ ಮೇಲೆ ಬರುತ್ತದೆ, ಮುಂದಿನ ಗಾಲಿ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಚಾಲಕನ ಮೇಲೇ ಮಗುಚುತ್ತದೆ. ಮೂತಿ ಎದ್ದದ್ದು ಕಂಡು ಕ್ಲಚ್ ಒತ್ತುವಷ್ಟು ವ್ಯವಧಾನವೂ ಇರುವುದಿಲ್ಲ, ಎರಡು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಟ್ರ್ಯಾಕ್ಟರ್ ಓಡಿಸುವ ಹುಡುಗ ಎಷ್ಟೇ ಅನುಭವಿಯಾಗಿರಲಿ, ಹಗ್ಗ ಎಲ್ಲಿ ಕಟ್ಟಿದ ಎಂಬುದನ್ನು ನೀವು ಹೋಗಿ ನೋಡಿ. ಸಿಟ್ಟಾದರೆ ಆಗಲಿ.

ಎಳೆಯುವ ರೀತಿ: ಮೊದಲು ಹಗ್ಗ ಬಿಗಿಯಾಗುವವರೆಗೆ ಟ್ರ್ಯಾಕ್ಟರ್ ತೆವಳಲಿ, ಬಿಗಿದು ನಿಂತ ಮೇಲೆ ಲೋ ಗೇರಿನಲ್ಲಿ ನಿಧಾನ ಎಳೆಯಲಿ. ಬನಶಂಕರಿ ತೇರಿಗೆ ಮಾಡಲಗೇರಿ ಊರಿನಿಂದ ಹಳಿಬಂಡಿಯಲ್ಲಿ ಹಗ್ಗ ಬರುತ್ತದಲ್ಲ, ಆ ಹಗ್ಗವನ್ನೂ ಜನ ಮೊದಲು ನೀಟಾಗಿ ಚಾಚಿ, ಎಲ್ಲರ ಕೈಯಲ್ಲೂ ಬಿಗಿಯಾದ ಮೇಲೆಯೇ ಎಳೆಯುತ್ತಾರೆ. ಹಿಂದೆ ಸರಿದು ಓಡಿಬಂದು ಜಗ್ಗುವುದು ಬೇಡವೇ ಬೇಡ. ಸರಪಳಿ, ತಂತಿಹಗ್ಗಕ್ಕೆ ಹಿಗ್ಗುವ ಗುಣವಿಲ್ಲ, ಜಗ್ಗಿದ ಏಟಿಗೆ ಹುಕ್ಕೇ ಕಿತ್ತುಬರುತ್ತದೆ. ನೈಲಾನ್ ಹಿಗ್ಗುತ್ತದೆ, ಆದರೆ ತುಂಡಾದರೆ ಚಾಟಿಯಾಗಿ ವಾಪಸು ಬರುತ್ತದೆ. ಹಗ್ಗದ ನಡುವೆ ಒದ್ದೆ ಗೋಣಿಚೀಲ ಅಥವಾ ಕಂಬಳಿ ಹಾಕಿ, ತುಂಡಾದರೂ ಅದು ಹಗ್ಗವನ್ನು ನೆಲಕ್ಕೆ ಒತ್ತುತ್ತದೆ. ಹಗ್ಗದ ಉದ್ದ ಎಷ್ಟೋ ಅದರ ಒಂದೂವರೆಪಟ್ಟು ದೂರಕ್ಕೆ ಜನರನ್ನು ಕಳಿಸಿ, ಫೋನ್ ಹಿಡಿದು ವಿಡಿಯೊ ಮಾಡುವವರನ್ನು ಮೊದಲು. ಬಿಗಿದ ಹಗ್ಗವನ್ನು ದಾಟಿ ಹೋಗುವವರು ಒಬ್ಬರಾದರೂ ಇದ್ದೇ ಇರುತ್ತಾರೆ, ಅವರಿಗೆ ಕೂಗಿ ಹೇಳಲು ಒಬ್ಬರನ್ನು ನಿಲ್ಲಿಸಿ.

ಎಳೆಯುವ ದಿಕ್ಕು ಗಾಡಿ ಬಂದ ದಿಕ್ಕೇ. ಹುಗಿದ ಗಾಡಿಯಲ್ಲಿ ಒಬ್ಬ ಚಾಲಕ ಮಾತ್ರ ಇರಲಿ, ಎಂಜಿನ್ ಚಾಲೂ ಇರಲಿ, ಇಲ್ಲವಾದರೆ ಸ್ಟೇರಿಂಗ್, ಬ್ರೇಕ್ ಕಲ್ಲಿನಷ್ಟು ಬಿಗಿಯಾಗುತ್ತವೆ. ಕೈಯಿಂದ ತಿರುವುವ ಎಳೆಯಂತ್ರ ಇದ್ದರೆ ಅದನ್ನು ಬೇವು, ಹುಣಸೆಯಂಥ ದಪ್ಪ ಮರದ ಬುಡಕ್ಕೆ, ಗೋಣಿ ಸುತ್ತಿ ಕಟ್ಟಿ. ಕರೆಂಟ್ ಕಂಬಕ್ಕೆ ಕಟ್ಟಿದವರನ್ನು ಕಂಡರೆ ದೂರ ಓಡಿ.

ಟ್ರ್ಯಾಕ್ಟರೇ ಹುಗಿದರೆ

ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರ್ ಹೊಲದ ಅಂಚಿಗೆ ಕೂತುಬಿಡುವುದು ನಮ್ಮ ಕಡೆ ದಿನದ ಸಂಗತಿ. ಮೊದಲ ಕೆಲಸ ಟ್ರೇಲರಿನ ಗಾಲಿಗೆ ಕಲ್ಲು ಹಚ್ಚಿ ಪಿನ್ ತೆಗೆದು ಬಿಡಿಸುವುದು. ಟ್ರ್ಯಾಕ್ಟರ್ ಒಂದೇ ಹೊರಗೆ ಬಂದು, ಗಟ್ಟಿ ನೆಲದಲ್ಲಿ ನಿಂತು, ಉದ್ದ ಹಗ್ಗದಿಂದ ಒಂದೊಂದೇ ಟ್ರೇಲರ್ ಎಳೆದುಕೊಳ್ಳಲಿ. ಡಿಫರೆನ್ಷಿಯಲ್ ಲಾಕ್ ಪೆಡಲ್ ಇದ್ದರೆ ಗಾಲಿ ಸುತ್ತುವ ಮುಂಚೆಯೇ ಒತ್ತಿ, ನೇರ ಹೋಗುವಾಗ ಮಾತ್ರ. ತಿರುವುವ ಮೊದಲು ಬಿಡಿ.

ಹಿಂದಿನ ಗಾಲಿಗೆ ಕಟ್ಟಿಗೆಯ ತೊಲೆ ಅಡ್ಡ ಕಟ್ಟಿ ಏರಿಸುವ ಒಂದು ಪದ್ಧತಿ ಇದೆ. ದಯವಿಟ್ಟು ಮಾಡಬೇಡಿ. ತೊಲೆ ಸಿಕ್ಕಿ ಗಾಲಿ ತಿರುಗದಂತಾದರೆ ಎಂಜಿನ್ನಿನ ಬಲ ಎಲ್ಲಿಯಾದರೂ ಹೋಗಲೇಬೇಕು. ಗಾಲಿ ನಿಂತು ಟ್ರ್ಯಾಕ್ಟರಿನ ಮೈಯೇ ಆ್ಯಕ್ಸಲ್ ಸುತ್ತ ತಿರುಗಿ ಮಗುಚುತ್ತದೆ. ಹುಗಿದ ಟ್ರ್ಯಾಕ್ಟರನ್ನು ಆದಷ್ಟು ರಿವರ್ಸಿನಲ್ಲೇ ತೆಗೆಯಬೇಕು ಎನ್ನುವುದೂ ಇದೇ ಕಾರಣಕ್ಕೆ.

ತಗ್ಗಿಗೆ ಇಳಿದರೆ

ರಸ್ತೆ ಬದಿಯ ತಗ್ಗಿಗೆ, ಗಟಾರಕ್ಕೆ ಒಂದು ಬದಿ ಇಳಿದ ಗಾಡಿಯನ್ನು ಹೊಸಬರು ತೆಗೆಯಹೋಗಬಾರದು. ಎತ್ತರದ ಬದಿಯ ಬಾಗಿಲಿನಿಂದ ಜನ ಇಳಿಯಲಿ, ಎಂಜಿನ್ ಬಂದ್, ಪೆಟ್ರೋಲ್ ಅಥವಾ ಗ್ಯಾಸ್ ವಾಸನೆ ಬಂದರೆ ಬೀಡಿ, ಬೆಂಕಿಪೊಟ್ಟಣ ದೂರ. ಪಕ್ಕಕ್ಕೆ ಎಳೆದರೆ ಗಾಡಿ ಉರುಳುತ್ತದೆ. ಜೆಸಿಬಿ ಅಥವಾ ಕ್ರೇನ್ ಕರೆಯಿರಿ, ಎತ್ತುವಾಗ ಬಕೆಟ್ಟಿನ ಕೆಳಗೆ, ಇಳಿಜಾರಿನ ಕೆಳಗೆ ಯಾರೂ ಇರದಂತೆ ನೋಡಿಕೊಳ್ಳಿ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ, ಗಾಯವಾಗಿದ್ದರೆ 108ಕ್ಕೆ, ಬೇರೆ ಯಾವ ಆಪತ್ತಿಗೂ 112ಕ್ಕೆ ಫೋನ್ ಮಾಡಬಹುದು.

ಹೊಳಿ ನೀರು

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟರೆ ಚೊಳಚಗುಡ್ಡದಲ್ಲಿ ಹನಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ. ಅಣೆಕಟ್ಟಿನ ಬಾಗಿಲು ಮುಚ್ಚಿದ್ದರೂ ಹುಬ್ಬಳ್ಳಿ, ನವಲಗುಂದದ ಕಡೆಯ ಮಳೆಯನ್ನು ಬೆಣ್ಣೆಹಳ್ಳ ಹೊತ್ತುತಂದು ಮಲಪ್ರಭೆಗೆ ಸುರಿಯುತ್ತದೆ. "ನಮ್ಮೂರಾಗ ಮಳಿನ ಇಲ್ಲಲ್ರಿ" ಎಂದು ಸೇತುವೆಗೆ ಗಾಡಿ ಇಳಿಸುವವರಿಗೆ ಈ ಎರಡು ನೀರಿನ ಲೆಕ್ಕ ಗೊತ್ತಿರಬೇಕು. 2019ರ ಆಗಸ್ಟಿನಲ್ಲಿ ಇದೇ ಹೊಳೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಬಂದು ನಿಂತಿತ್ತು, ಬಾದಾಮಿ ತಾಲ್ಲೂಕಿನ ದಂಡೆಯ ಊರುಗಳ ಜನ ಮನೆ ಬಿಟ್ಟು ಎತ್ತರಕ್ಕೆ ಹೋಗಿದ್ದರು.

ಹರಿಯುವ ನೀರು 15 ಸೆಂಟಿಮೀಟರ್ ಇದ್ದರೆ ಕಾರಿನ ತಳಕ್ಕೆ ತಾಗಿ ಹತೋಟಿ ತಪ್ಪಿಸಬಹುದು. 30 ಸೆಂಟಿಮೀಟರ್ ಸಣ್ಣ ಕಾರನ್ನು ತೇಲಿಸುತ್ತದೆ. 60 ಆದರೆ ದೊಡ್ಡ ಜೀಪನ್ನೂ ಒಯ್ಯುತ್ತದೆ. ಗಾಡಿ ಭಾರ ಇದೆ ಎನ್ನುವ ಧೈರ್ಯ ಸುಳ್ಳು, ಮುಚ್ಚಿದ ಗಾಡಿಯ ಒಳಗೆಲ್ಲ ಗಾಳಿ. ಕೆಂಪು ನೀರಿನ ಕೆಳಗೆ ಡಾಂಬರು ಇದೆಯೋ ಕೊಚ್ಚಿಹೋಗಿದೆಯೋ ಮೇಲಿನಿಂದ ಯಾರಿಗೂ ಕಾಣುವುದಿಲ್ಲ. ಮುಂದಿನ ಬಸ್ಸು ಹೋಯಿತೆಂಬುದು ನಿಮ್ಮ ಕಾರಿಗೆ ಸಾಕ್ಷಿಯಲ್ಲ. ತಿರುಗಿ ಹೋಗಿ, ಬಾದಾಮಿಯಲ್ಲಿ ರಾತ್ರಿ ಕಳೆಯಿರಿ.

ನೀರಿನ ನಡುವೆ ಗಾಡಿ ನಿಂತೇಬಿಟ್ಟರೆ ಮಾಡುವುದು ಇಷ್ಟು: ಬೆಲ್ಟ್ ಬಿಚ್ಚಿ, ಕರೆಂಟ್ ಇರುವಾಗಲೇ ಕಿಟಕಿ ಗಾಜು ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕೊಡಿ. ಹೊರಗಿನ ನೀರು ಒತ್ತಿದಾಗ ಬಾಗಿಲು ತೆರೆಯುವುದಿಲ್ಲ, ಅದರ ಜೊತೆ ಗುದ್ದಾಡುತ್ತ ಹೊತ್ತು ಕಳೆಯಬೇಡಿ. ಗಾಜು ಒಡೆಯಬೇಕಾದರೆ ಪಕ್ಕದ ಕಿಟಕಿಯ ಮೂಲೆಗೆ ಚೂಪಾದ ಗಟ್ಟಿ ವಸ್ತುವಿನಿಂದ ಹೊಡೆಯಿರಿ. ಮುಂದಿನ ಗಾಜು ಎರಡು ಪದರದ್ದು, ಬಿರುಕು ಬಿಡುತ್ತದೆ, ಬೀಳುವುದಿಲ್ಲ. ಕಾಗದಪತ್ರ, ಫೋನ್, ಚಪ್ಪಲಿ ಹುಡುಕಬೇಡಿ. ಗಾಡಿಗೆ ಹಗ್ಗ ಕಟ್ಟಲು ಯಾರೂ ಹರಿಯುವ ನೀರಿಗೆ ಇಳಿಯಬಾರದು. ನೀರು ಇಳಿಯಲಿ, ಗಾಡಿ ಎಲ್ಲಿ ಸಿಕ್ಕುತ್ತದೋ ಅಲ್ಲಿಂದ ತಂದರಾಯಿತು.

ನೀರು ಇಳಿದ ಮೇಲೆ ಎಲ್ಲರೂ ಮಾಡುವ ತಪ್ಪು ಕೀಲಿ ತಿರುವುವುದು. ಸಿಲಿಂಡರಿನಲ್ಲಿ ನೀರಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು, ನೀರು ಗಾಳಿಯಂತೆ ಕುಗ್ಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ ಹಾಳಾಗುತ್ತದೆ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ನ್ಯೂಟ್ರಲ್‌ನಲ್ಲಿ ತಳ್ಳಿ ಎತ್ತರಕ್ಕೆ ತನ್ನಿ. ಡಿಪ್‌ಸ್ಟಿಕ್ ತೆಗೆದು ನೋಡಿ, ಎಣ್ಣೆ ಬೆಳ್ಳಗೆ ನೊರೆಯಾಗಿದ್ದರೆ ಅಥವಾ ಮಟ್ಟ ಏರಿದ್ದರೆ ನೀರು ಸೇರಿದೆ. ಏರ್ ಫಿಲ್ಟರ್ ಒದ್ದೆಯಾಗಿದ್ದರೂ ಅದೇ ಅರ್ಥ. ಮುಂದಿನದು ಮೆಕ್ಯಾನಿಕ್ ಕೆಲಸ. ಬೈಕಾದರೆ ಪ್ಲಗ್ ಬಿಚ್ಚಿ, ಇಗ್ನಿಷನ್ ಬಂದ್ ಇಟ್ಟು, ನಾಲ್ಕಾರು ಕಿಕ್ ಹೊಡೆದು ನೀರು ಹೊರಹಾಕಬಹುದು. ಗಾಡಿ ಅಲುಗಾಡಿಸುವ ಮುಂಚೆ ನೀರಿನ ಗುರುತು ಕಾಣುವಂತೆ ಫೋಟೊ ತೆಗೆದು ವಿಮೆಯವರಿಗೆ ತಿಳಿಸಿ. ನೀರಿನಲ್ಲಿ ನಿಂತ ಎಂಜಿನ್ನನ್ನು ಚಾಲೂ ಮಾಡಹೋಗಿ ಆದ ಹಾನಿಯನ್ನು ಸಾಮಾನ್ಯ ಪಾಲಿಸಿಗಳು ಕೊಡುವುದಿಲ್ಲ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚ ಬೇರೆ ತೆಗೆದುಕೊಂಡಿರಬೇಕು.

ಹೊರಗೆ ಬಂದ ಮೇಲೆ

ಡಾಂಬರು ರಸ್ತೆ ಸಿಕ್ಕ ಕೂಡಲೇ ವೇಗ ಹಿಡಿಯಬೇಡಿ. ಇಳಿಸಿದ ಗಾಳಿ ಮತ್ತೆ ತುಂಬಿ. ಬ್ರೇಕನ್ನು ಎರಡು ಮೂರು ಸಲ ಮೆಲ್ಲಗೆ ಒತ್ತಿ ಒಣಗಿಸಿ. ರಿಮ್ಮಿನ ಒಳಗೆ ಎರಿ ಅಂಟಿಕೊಂಡಿದ್ದರೆ ಸ್ಟೇರಿಂಗ್ ನಡುಗುತ್ತದೆ, ಅದು ಅಲೈನ್‌ಮೆಂಟ್ ದೋಷವಲ್ಲ, ತೊಳೆದರೆ ಹೋಗುತ್ತದೆ. ರೇಡಿಯೇಟರಿನ ಜಾಲರಿಗೆ ಮೆತ್ತಿದ ರಾಡಿ ತೆಗೆಯದಿದ್ದರೆ ಎಂಜಿನ್ ಕಾಯುತ್ತದೆ. ಗಾಲಿಯಿಂದ ರಸ್ತೆಯ ಮೇಲೆ ಬಿದ್ದ ಎರಿ ಹೆಂಟೆಗಳನ್ನು ಸಲಕಿಯಿಂದ ಬದಿಗೆ ಸರಿಸಿ, ಹಿಂದೆ ಬರುವ ಬೈಕು ಅದರ ಮೇಲೆ ಜಾರುತ್ತದೆ.

ಟ್ರ್ಯಾಕ್ಟರ್ ತಂದವರಿಗೆ ಡೀಸೆಲ್ ಖರ್ಚು ಎಷ್ಟೆಂದು ಎಳೆಯುವ ಮುಂಚೆಯೇ ಮಾತಾಡಿಕೊಳ್ಳಿ, ಆಮೇಲೆ ಜಗಳ ಬೇಡ. ಹಲವರು ದುಡ್ಡು ಮುಟ್ಟುವುದಿಲ್ಲ, ಒತ್ತಾಯ ಮಾಡಿ ಅವಮಾನಿಸಬೇಡಿ. ಯಾರ ಹೊಲದ ಒಡ್ಡು ಒಡೆದಿದೆಯೋ, ಯಾರ ಬೆಳೆಯ ಸಾಲಿನಲ್ಲಿ ಗುಂಡಿ ಬಿದ್ದಿದೆಯೋ ಅವರ ಮನೆ ಕೇಳಿಕೊಂಡು ಹೋಗಿ ಹೇಳಿ. ಗುಂಡಿ ಮುಚ್ಚಿ, ಒಡ್ಡಿನ ಮಣ್ಣು ಮೊದಲಿನಂತೆ ಏರಿಸಿ, ತುಳಿದು ಗಟ್ಟಿ ಮಾಡಿ ಹೊರಡಿ. ಮುಂದಿನ ಮಳೆಗೆ ಅವರ ಹೊಲದ ನೀರು ನಿಲ್ಲುವುದು ಆ ಒಡ್ಡಿಗೇ.